ಕಾಯಿಲೆ ಬೆಕ್ಕನ್ನು ಕೊಡುವಾಗ ಏನು ಹೇಳಬೇಕು?

ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ಹುಡುಗರು ಮುಂದೆ ಬನ್ನಿ, ಜಾಗ ಇದೆ.

ಇವತ್ತಿನ ವಾಕ್ಯ ಲೂಕ 10ನೇ ಅಧ್ಯಾಯ, 35ನೇ ವಚನ. ಒಳ್ಳೆಯ ಸಮಾರ್ಯದವನ ಕಥೆ. ಗೊತ್ತಿರೋದೇ ಅಂತ ಬೈಬಲ್ ಮುಚ್ಚಬೇಡಿ. ನಾವು ಸಾಮಾನ್ಯವಾಗಿ ಗಾಯಕ್ಕೆ ಎಣ್ಣೆ ಹಾಕಿ ಕಟ್ಟಿದ ಕಡೆಗೇ ನಿಲ್ಲಿಸಿಬಿಡ್ತೀವಿ, ಮುಂದಿನ ವಚನಕ್ಕೆ ಬರೋದೇ ಇಲ್ಲ. ಆ ವಚನಕ್ಕೆ ಹೋಗೋ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ನನ್ನದೇ.

ನಮ್ಮ ಯೂತ್‌ನಲ್ಲಿ ಒಬ್ಬ ತಂಗಿ ಇದ್ದಾಳೆ. ಹೆಸರು ಹೇಳಬೇಡಿ ಅಂದಿದ್ದಾಳೆ, ಹೇಳಲ್ಲ. ನಾಲ್ಕೈದು ಜನ ಸ್ನೇಹಿತರು ಸೇರಿ ಇಲ್ಲೇ ತುಮಕೂರಲ್ಲಿ ಬಾಡಿಗೆ ಶೆಡ್ ಹಿಡಿದು ಬೀದಿ ಬೆಕ್ಕುಗಳನ್ನು ನೋಡ್ಕೊಳ್ತಾರೆ. ಆರೋಗ್ಯವಾಗಿರೋ ಮರಿಗಳಿಗೆ ಹೇಗೋ ಮನೆ ಸಿಗುತ್ತೆ. ಉಳಿದುಹೋಗೋದು ಕಣ್ಣಿಲ್ಲದ್ದು, ಕಾಲಿಲ್ಲದ್ದು, ಕಾಯಿಲೆಯದ್ದು. ಇದು ಎಲ್ಲ ಕಡೆಯ ಕಥೆ. ಕ್ರಿಸ್ಟಲ್ ರೋಜರ್ಸ್ ಅನ್ನೋ ಇಂಗ್ಲಿಷ್ ಮಹಿಳೆ ತಮ್ಮ ಇಳಿವಯಸ್ಸಲ್ಲಿ, 1991ರಲ್ಲಿ, ಬೆಂಗಳೂರಿನಲ್ಲಿ ಕ್ಯೂಪಾ ಶುರು ಮಾಡಿದರು. ಅಂಥ ದೊಡ್ಡ ಸಂಸ್ಥೆಗಳಿಂದ ಹಿಡಿದು ನಮ್ಮ ಈ ಶೆಡ್ಡಿನ ತನಕ, ಯಾರೂ ಕೇಳದೆ ಉಳಿದ ಪ್ರಾಣಿಯನ್ನು ಏನು ಮಾಡೋದು ಅನ್ನೋದೇ ಪ್ರಶ್ನೆ.

ಈ ಶೆಡ್ಡಿನಲ್ಲಿ ಉಳಿದದ್ದು ಬೂದಿ ಅನ್ನೋ ಹೆಣ್ಣು ಬೆಕ್ಕು. ಏಳೆಂಟು ವರ್ಷ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿ ತೊಂದರೆ ಅಂತ ಬಂತು. ವಯಸ್ಸಾದ ಬೆಕ್ಕುಗಳಲ್ಲಿ ಇದು ಬಹಳ ಸಾಮಾನ್ಯ. ಮನುಷ್ಯರಿಗೆ ಅಂಟಲ್ಲ. ಆದರೆ ಹಾಳಾದ ಕಿಡ್ನಿ ಮತ್ತೆ ಬೆಳೆಯಲ್ಲ. ಬೆಕ್ಕು ಜಾಸ್ತಿ ನೀರು ಕುಡಿಯುತ್ತೆ, ಜಾಸ್ತಿ ಉಚ್ಚೆ ಮಾಡುತ್ತೆ, ದಿನದಿನಕ್ಕೆ ಇಳಿಯುತ್ತೆ. ಸರಿಯಾದ ಆಹಾರ, ಆಗಾಗ ರಕ್ತ ಪರೀಕ್ಷೆ, ಬೇಕಾದಾಗ ಕತ್ತಿನ ಹಿಂದೆ ಚರ್ಮದ ಕೆಳಗೆ ಡ್ರಿಪ್ಸ್ — ಇಷ್ಟು ನೋಡ್ಕೊಂಡರೆ ಕೆಲವು ತಿಂಗಳು, ಕೆಲವು ಬೆಕ್ಕುಗಳು ಕೆಲವು ವರ್ಷ, ಚೆನ್ನಾಗೇ ಇರುತ್ತವೆ.

ಗುಬ್ಬಿಯ ಒಂದು ಮನೆಯವರು ಬೆಕ್ಕು ಬೇಕು ಅಂತ ಕೇಳಿದ್ದರು. ಅಟ್ಟದ ಮೇಲೆ ಕೊಬ್ಬರಿಗೆ ಅಂತ ಕಾಯಿ ಹಾಕಿದ್ದಾರೆ, ಇಲಿ ಕಾಟ. ತಂಗಿ ಬಂದು ನನ್ನ ಕೇಳಿದಳು: "ಪಾಸ್ಟರ್, ಕಾಯಿಲೆ ಇದೆ ಅಂದ್ರೆ ಯಾರೂ ತಗೊಳ್ಳಲ್ಲ. ಹೇಳದೆ ಕೊಟ್ರೆ ತಪ್ಪಾ?"

ನಾನು ನಕ್ಕುಬಿಟ್ಟೆ. ಗುಬ್ಬಿಗೇ ಬೆಕ್ಕು ಕಳಿಸ್ತೀಯಾ ಅಂತ ತಮಾಷೆ ಮಾಡಿದೆ. ಆಮೇಲೆ ಹೇಳಿದ್ದು ಇದು: "ಕೇಳಿದ್ರೆ ಹೇಳು, ಕೇಳದಿದ್ರೆ ಸುಮ್ಮನಿರು. ಒಂದು ಮನೆ ಸಿಗುತ್ತಲ್ಲ. ಮಿಕ್ಕಿದ್ದು ಕರ್ತನು ನೋಡ್ಕೊಳ್ತಾನೆ."

ಅವರು ಕೇಳಲಿಲ್ಲ. ಬೆಕ್ಕು ಕೊಡುವಾಗ ಯಾರು ಕಿಡ್ನಿ ಬಗ್ಗೆ ಕೇಳ್ತಾರೆ?

ಮೂರು ವಾರಕ್ಕೆ ಫೋನ್ ಬಂತು. ನಾನೂ ತಂಗಿಯೂ ಹೋದೆವು. ಬೂದಿ ಒಲೆ ಪಕ್ಕದಲ್ಲಿ ಮುದುರಿಕೊಂಡು ಮಲಗಿತ್ತು, ಮೈಯಲ್ಲಿ ಮೂಳೆ ಕಾಣ್ತಿತ್ತು. ಆ ಮನೆಯ ಅಜ್ಜಿ ಅದಕ್ಕೆ ಪ್ರೀತಿಯಿಂದ ದಿನಾ ಹಾಲು, ಅನ್ನ, ಉಪ್ಪು ಹಾಕಿ ಒಣಗಿಸಿದ ಮೀನು ಕೊಟ್ಟಿದ್ದಾರೆ. ಕಿಡ್ನಿ ಕೆಟ್ಟ ಬೆಕ್ಕಿಗೆ ಅಷ್ಟು ಉಪ್ಪು! ಮೈ ಬಿಸಿ ಇದೆ ಅಂತ ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಪುಡಿ ಮಾಡಿ ಇಟ್ಟಿದ್ದರು, ಪುಣ್ಯಕ್ಕೆ ಕುಡಿಸಿರಲಿಲ್ಲ. ಬೆಕ್ಕಿಗೆ ಆ ಮಾತ್ರೆ ವಿಷ. ದಯವಿಟ್ಟು ಎಲ್ಲರೂ ನೆನಪಿಟ್ಟುಕೊಳ್ಳಿ, ಇವತ್ತಿನ ಪ್ರಸಂಗದಲ್ಲಿ ಮಿಕ್ಕಿದ್ದೆಲ್ಲ ಮರೆತರೂ ಪರವಾಗಿಲ್ಲ.

ಅಜ್ಜಿ ತಂಗಿ ಕೈ ಹಿಡ್ಕೊಂಡು ಅತ್ತರು. "ಚೆನ್ನಾಗಿದ್ದ ಬೆಕ್ಕು ಕೊಟ್ಟೆ ಕಣವ್ವ. ನಾನೇನ್ ಇಕ್ಕಿ ಹಿಂಗ್ ಮಾಡ್ಬಿಟ್ನೋ."

ಪ್ರಿಯರೇ, ಆ ಮಾತು ಕೇಳಿದಾಗ ನಾನು ನೆಲ ನೋಡ್ಕೊಂಡು ನಿಂತಿದ್ದೆ. ನಾನು ಅಂದುಕೊಂಡಿದ್ದು ನಮ್ಮ ಮೌನದಿಂದ ಯಾರಿಗೂ ನಷ್ಟ ಇಲ್ಲ ಅಂತ. ನಷ್ಟ ಬೆಕ್ಕಿಗೆ ಆಗಿತ್ತು, ಸರಿ. ಅದಕ್ಕಿಂತ ಕೆಟ್ಟದ್ದು, ನಮ್ಮ ತಪ್ಪನ್ನು ಆ ಅಜ್ಜಿ ಮೂರು ವಾರ ತನ್ನ ತಲೆ ಮೇಲೆ ಹೊತ್ತಿದ್ದರು.

ನಿಜ ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಮೊದಲೇ ಹೇಳಿದ್ರೆ ತಗೋತಿದ್ನೋ ಇಲ್ವೋ, ಗೊತ್ತಿಲ್ಲ ಸ್ವಾಮಿ. ಆದ್ರೆ ಅದನ್ನ ನೀವ್ಯಾಕೆ ತೀರ್ಮಾನ ಮಾಡಿದ್ರಿ?" ಅಂದರು. ಇಷ್ಟು ವರ್ಷ ಪುಲ್ಪಿಟ್ ಮೇಲೆ ನಿಂತಿದ್ದೀನಿ, ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೂದಿಯನ್ನು ವಾಪಸ್ ತಂದೆವು. ಅವರ ಕೈಲಿ ಆ ಆರೈಕೆ ಆಗ್ತಿರಲಿಲ್ಲ, ಅದನ್ನೂ ಅವರೇ ಹೇಳಿದರು.

ಈಗ ವಾಕ್ಯಕ್ಕೆ ಬನ್ನಿ. ಸಮಾರ್ಯದವನು ಗಾಯಗೊಂಡವನನ್ನು ಛತ್ರಕ್ಕೆ ತಂದ. ರಾತ್ರಿ ಬಾಗಿಲ ಮುಂದೆ ಮಲಗಿಸಿ, ಬಾಗಿಲು ತಟ್ಟಿ, ಓಡಿಹೋಗಲಿಲ್ಲ. ರಾತ್ರಿಯೆಲ್ಲ ಜೊತೆಗಿದ್ದ. ಮಾರನೇ ದಿನ ಎರಡು ಬೆಳ್ಳಿ ನಾಣ್ಯ ತೆಗೆದುಕೊಟ್ಟ. ಅಂದರೆ ಆ ಕಾಲದ ಎರಡು ದಿನದ ಕೂಲಿ. ಜಾಸ್ತಿ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಅಂದ. ಛತ್ರದವನಿಗೆ ಎಲ್ಲಾ ಕಾಣ್ತಿತ್ತು: ಗಾಯ ಎಷ್ಟು ದೊಡ್ಡದು, ಗುಣವಾಗೋಕೆ ದಿನ ಹಿಡಿಯುತ್ತೆ, ದುಡ್ಡು ಎಷ್ಟು ಕೈಗೆ ಬಂತು. ಅವನು ಒಪ್ಪಿದ್ದು ಇದನ್ನೆಲ್ಲ ನೋಡಿ. ನಾವು ಯಾವಾಗಲೂ ನಮ್ಮನ್ನು ಸಮಾರ್ಯದವನ ಜಾಗದಲ್ಲೇ ಇಟ್ಕೊಳ್ತೀವಿ, ಛತ್ರದವನ ಬಗ್ಗೆ ಯೋಚಿಸೋದೇ ಇಲ್ಲ. ನಾನು ಗುಬ್ಬಿಯ ಅಜ್ಜಿಯನ್ನು ಛತ್ರದವನನ್ನಾಗಿ ಮಾಡಿದೆ, ಆದರೆ ಗಾಯವನ್ನು ಬಟ್ಟೆಯಿಂದ ಮುಚ್ಚಿಕೊಟ್ಟೆ. ಎರಡು ನಾಣ್ಯನೂ ಇಡಲಿಲ್ಲ.

ನಮ್ಮ ಕಡೆ ಒಂದು ಗಾದೆ ಇದೆ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ. ನಗಬೇಡಿ, ಇಲ್ಲಿ ಕೂತಿರೋ ಎಷ್ಟೋ ಜನರಿಗೆ ಈಗ ಮನೆಯಲ್ಲಿ ಸಂಬಂಧ ನೋಡ್ತಿದ್ದಾರೆ. ಹುಡುಗನಿಗೆ ಫಿಟ್ಸ್ ಇರೋದು, ಹುಡುಗಿಗೆ ಥೈರಾಯ್ಡ್ ಇರೋದು ಮುಚ್ಚಿಟ್ಟು ನಿಶ್ಚಯ ಮಾಡಿದ ಮನೆಗಳಿಗೆ ನಾನು ಆಮೇಲೆ ಪ್ರಾರ್ಥನೆಗೆ ಹೋಗಿದ್ದೀನಿ. ಅಲ್ಲಿ ಜಗಳ ಆಗೋದು ಕಾಯಿಲೆ ಬಗ್ಗೆ ಅಲ್ಲ. "ಮೊದಲೇ ಯಾಕೆ ಹೇಳಲಿಲ್ಲ" — ಈ ಒಂದೇ ಮಾತು, ಹತ್ತು ವರ್ಷ ಆದಮೇಲೂ.

ಯೂತ್ ಗ್ರೂಪಿನಲ್ಲಿ ಒಬ್ಬ ತಮ್ಮ ಮೆಸೇಜ್ ಹಾಕಿದ್ದ: "ಬೆಕ್ಕಿಗೆ ಪ್ರಾರ್ಥನೆ ಮಾಡೋಣ, ವಾಸಿಯಾಗಿದೆ ಅಂತ ವಿಶ್ವಾಸದಿಂದ ಹೇಳಿ ಕೊಡೋಣ." ತಮ್ಮಾ, ನಿನ್ನ ವಿಶ್ವಾಸಕ್ಕೆ ಸ್ತೋತ್ರ. ನಾವು ಗುಣಪಡಿಸೋ ದೇವರನ್ನು ನಂಬೋ ಜನ, ಬೂದಿಗೂ ಪ್ರಾರ್ಥಿಸೋಣ. ಆದರೆ ವಿಶ್ವಾಸ ದೇವರ ಕಡೆ ಇಡೋದು. ಇನ್ನೊಬ್ಬರ ಕೈಗೆ ಬೆಕ್ಕು ಕೊಡುವಾಗ ರಕ್ತದ ರಿಪೋರ್ಟ್ ಕೊಡಬೇಕು. ರಿಪೋರ್ಟ್ ಬದಲಾದ ದಿನ ಸಾಕ್ಷಿ ಹೇಳು, ನಾನೇ ಮೈಕ್ ಕೊಡ್ತೀನಿ.

ಇನ್ನೊಂದು ಮೆಸೇಜ್ ಕಷ್ಟದ್ದು. ಮನುಷ್ಯರಿಗೇ ಡಯಾಲಿಸಿಸ್‌ಗೆ ದುಡ್ಡಿಲ್ಲ, ಬೆಕ್ಕಿನ ಕಿಡ್ನಿಗೆ ಯಾಕೆ ಖರ್ಚು? ನಮ್ಮ ಸಭೆಯಲ್ಲೇ ಡಯಾಲಿಸಿಸ್‌ಗೆ ಹೋಗೋ ಸಹೋದರರು ಇದ್ದಾರೆ, ಅವರ ಎದುರಿಗೆ ಈ ವಿಷಯ ಎತ್ತೋಕೇ ನನಗೆ ಸಂಕೋಚ. ಅವರ ಚಿಕಿತ್ಸೆಯೋ ಬೆಕ್ಕಿನದೋ ಅಂತ ಬಂದರೆ ಅವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಜೇಬಿನಲ್ಲಿ ಆ ಎರಡೇ ಖರ್ಚು ಇರೋದು ಯಾವಾಗ? ನನ್ನ ಫೋನಿನ ಇಎಂಐ, ಭಾನುವಾರದ ಬಿರಿಯಾನಿ, ಇವೆಲ್ಲ ಲೆಕ್ಕಕ್ಕೆ ಬರೋ ಹೊತ್ತಿಗೆ ಬಡವರು ನೆನಪಾಗಲ್ಲ, ಬೆಕ್ಕಿನ ಬಿಲ್ ನೋಡಿದಾಗ ಮಾತ್ರ ನೆನಪಾಗ್ತಾರೆ. ಲೂಕ 12ರಲ್ಲಿ ಎರಡು ಕಾಸಿಗೆ ಐದು ಗುಬ್ಬಿ ಮಾರೋ ಮಾತು ಬರುತ್ತೆ. ಮತ್ತಾಯನಲ್ಲಿ ಒಂದು ಕಾಸಿಗೆ ಎರಡು. ಲೆಕ್ಕ ಹಾಕಿ, ಐದನೆಯದು ಪುಕ್ಕಟೆ, ಕೊಸರು. ಆ ಕೊಸರಿನ ಗುಬ್ಬಿಯನ್ನೂ ದೇವರು ಮರೆತಿಲ್ಲ ಅಂತ ಯೇಸು ಹೇಳಿದ್ದು ಮನುಷ್ಯರಿಗೆ ಧೈರ್ಯ ತುಂಬೋಕೆ. ನೀವು ಅದಕ್ಕಿಂತ ಹೆಚ್ಚು ಅಂತಲೂ ಹೇಳಿದ.

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ, ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಲ್ಲಿ ನರಳೋ ಹಾಗೆ ಬಿಟ್ಟುಬಿಡೋದು ಅಪರಾಧ. ಮೊದಲ ಸಲಕ್ಕೆ ಹೆಚ್ಚೆಂದರೆ 50 ರೂಪಾಯಿ ದಂಡ. ಅಷ್ಟಕ್ಕೆ ಹೆದರಿ ಯಾರೂ ಒಳ್ಳೆಯವರಾಗಲ್ಲ, ಬಿಡಿ.

ಬೂದಿ ಕಥೆ ಮುಗಿಸ್ತೀನಿ. ಈ ಸಲ ತಂಗಿ ಒಂದು ಹಾಳೆಯಲ್ಲಿ ಎಲ್ಲಾ ಬರೆದಳು: ಕಾಯಿಲೆ ಏನು, ಏನು ತಿನ್ನಿಸಬೇಕು, ತಿಂಗಳಿಗೆ ಎಷ್ಟಾಗುತ್ತೆ, ಹೆಚ್ಚು ದಿನ ಬದುಕದೇ ಇರಬಹುದು ಅನ್ನೋದೂ. ಕೆಳಗೆ, ರಕ್ತ ಪರೀಕ್ಷೆ ಖರ್ಚು ನಮ್ಮದು, ನಿಮಗೆ ಆಗದಿದ್ದರೆ ಯಾವತ್ತಾದರೂ ವಾಪಸ್ ತಗೊಳ್ತೀವಿ ಅಂತ. ಹನ್ನೊಂದು ಜನ ಓದಿ ಬೇಡ ಅಂದರು. ಅವರ ಮೇಲೆ ನನಗೆ ಸ್ವಲ್ಪವೂ ಬೇಜಾರಿಲ್ಲ. ಕುಣಿಗಲ್‌ನ ಒಂದು ಗಂಡ ಹೆಂಡತಿ, ಇಬ್ಬರೂ ಮೇಷ್ಟ್ರು, ನಮ್ಮ ಸಭೆಯವರಲ್ಲ, ಯಾವ ಸಭೆಯವರೂ ಅಲ್ಲ, ಓದಿ ನಾಲ್ಕು ಪ್ರಶ್ನೆ ಕೇಳಿದರು. ಯೋಚನೆ ಮಾಡ್ತೀವಿ ಅಂತ ಹೋದರು. ಹೋದರು ಅಂತಲೇ ನಾವು ಅಂದುಕೊಂಡೆವು. ಎಂಟು ದಿನ ಬಿಟ್ಟು ಬುಟ್ಟಿ ಹಿಡ್ಕೊಂಡು ಬಂದರು.

ಈಗ ಆ ಮೇಷ್ಟ್ರೇ ಡ್ರಿಪ್ಸ್ ಹಾಕೋದು ಕಲಿತಿದ್ದಾರೆ. ಹೋದ ವಾರದ ರಿಪೋರ್ಟ್ ಅಷ್ಟು ಚೆನ್ನಾಗಿಲ್ಲ. ಕ್ರಿಸ್ಮಸ್ ತನಕ ಇರುತ್ತೋ ಇಲ್ಲವೋ ಅಂತ ಅವರೇ ಫೋನ್ ಮಾಡಿ ಹೇಳಿದರು, ದನಿ ನಡುಗ್ತಿತ್ತು. ಪ್ರಾರ್ಥನೆಯಲ್ಲಿ ಜ್ಞಾಪಿಸಿಕೊಳ್ಳಿ.

ಗುಬ್ಬಿಯ ಅಜ್ಜಿಗೆ ಇಲಿ ಕಾಟ ಹಾಗೇ ಇದೆ. ಮೊನ್ನೆ ತಂಗಿಗೆ ಫೋನ್ ಮಾಡಿ ಇನ್ನೊಂದು ಬೆಕ್ಕು ಕೇಳಿದ್ದಾರೆ. ಬಣ್ಣ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. "ಇದಕ್ಕೇನ್ ಕಾಯಿಲೆ ಐತೆ, ಮೊದ್ಲು ಅದ್ ಹೇಳವ್ವ" ಅಂದರಂತೆ.

ಎದ್ದು ನಿಲ್ಲೋಣ.