ಗಂಡೋ, ಹೆಣ್ಣೋ?

ನಾಯಿಮರಿ ಕೇಳಿಕೊಂಡು ಬರುವವರು ಅಂಗಳದಲ್ಲಿ ಚಪ್ಪಲಿ ಬಿಡುತ್ತಲೇ ಕೇಳುವ ಪ್ರಶ್ನೆ ಒಂದೇ: "ಗಂಡೋ, ಹೆಣ್ಣೋ?" ಬಣ್ಣ, ಕಿವಿ, ಬಾಲದ ವಿಚಾರವೆಲ್ಲ ಆಮೇಲೆ. ಗಂಡುಮರಿಗಳಾದರೆ ಕಣ್ಣು ಬಿಡುವ ಮೊದಲೇ ಅವುಗಳಿಗೆ ಮನೆ ಗೊತ್ತಾಗಿರುತ್ತದೆ. ಹೆಣ್ಣೆಂದು ತಿಳಿದರೆ ಬಂದವರು ಬೆಲ್ಲ ನೀರು ಕುಡಿದು, ಮಳೆಯ ಬಗ್ಗೆ ಎರಡು ಮಾತಾಡಿ, "ಮನೆಯಲ್ಲಿ ಕೇಳಿ ಹೇಳ್ತೇನೆ" ಎಂದು ಎದ್ದು ಹೋಗುತ್ತಾರೆ. ಮತ್ತೆ ಅವರ ಸುದ್ದಿಯಿಲ್ಲ. ತಿಂಗಳೆರಡು ಕಳೆಯುವಾಗ ಗೂಡಿನಲ್ಲಿ ಉಳಿದಿರುವುದು ಯಾರಿಗೂ ಬೇಡವಾದ ಮೂರೋ ನಾಲ್ಕೋ ಹೆಣ್ಣುಮರಿಗಳು. ಆಗ ಒಂದು ಗೋಣಿಚೀಲ, ಒಂದು ಬೈಕು, ಕತ್ತಲಾದ ಮೇಲಿನ ಒಂದು ಪಯಣ. ಬಿಟ್ಟು ಬಂದವರು ಕ್ರೂರಿಗಳೇನಲ್ಲ. ಕೋಳಿ ಅಂಗಡಿಯ ಹತ್ತಿರವೋ ಹೋಟೆಲಿನ ಹಿಂದೆಯೋ ಬಿಟ್ಟು, "ಅಲ್ಲಿ ಯಾರಾದರೂ ಅನ್ನ ಹಾಕ್ತಾರೆ" ಎಂದು ಮನಸ್ಸನ್ನು ಸಮಾಧಾನ ಮಾಡಿಕೊಂಡೇ ಬಂದಿರುತ್ತಾರೆ.

ಸಿದ್ಧಕಟ್ಟೆಯಂಥ ಪೇಟೆಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ಊರು. ಇಲ್ಲಿಂದ ಸ್ವಲ್ಪ ಆಚೆ ಹೋದರೆ ಬೆಳ್ತಂಗಡಿ ತಾಲೂಕು, ಇನ್ನೊಂದು ಕಡೆಗೆ ಹೋದರೆ ಮೂಡುಬಿದಿರೆ ತಾಲೂಕು. ಗಡಿಯ ಊರಿನಲ್ಲಿ ಬೇಡದ್ದನ್ನು ದಾಟಿಸುವುದು ಸುಲಭ. ಇಲ್ಲಿನ ಸಂಗಬೆಟ್ಟಿನ ಮರಿಯನ್ನು ಪಕ್ಕದ ಆರಂಬೋಡಿಯ ಕಡೆ ಬಿಟ್ಟರೆ ಆರಂಬೋಡಿಯ ಮರಿ ಇರುವೈಲಿಗೆ, ಇರುವೈಲಿನದು ಮರಳಿ ಸಂಗಬೆಟ್ಟಿಗೆ. ಹೀಗೆ ಒಂದು ಸುತ್ತು ಮುಗಿದಾಗ ಯಾವ ಊರಲ್ಲೂ ನಾಯಿ ಕಡಿಮೆಯಾಗಿರುವುದಿಲ್ಲ. ಆದರೆ ಪ್ರತಿಯೊಬ್ಬರ ಬಾಯಲ್ಲೂ, "ಇವೆಲ್ಲ ಬೇರೆ ಊರಿನವರು ತಂದುಬಿಟ್ಟದ್ದು" ಎಂಬ ದೂರು ಇರುತ್ತದೆ. ಆ ದೂರು ಸುಳ್ಳೂ ಅಲ್ಲ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 11 ಲಕ್ಷಕ್ಕೂ ಹೆಚ್ಚು ಬೀದಿನಾಯಿಗಳಿದ್ದವು. ಅವು ಬೀದಿಯಲ್ಲೇ ಹುಟ್ಟಿ ಬೆಳೆದ ಬೇರೆಯೇ ಒಂದು ಸಂತತಿ ಎಂದು ನಾವು ಭಾವಿಸುತ್ತೇವೆ. ನಮ್ಮ ಹಳ್ಳಿಗಳ ಮಟ್ಟಿಗಂತೂ ಅವುಗಳಲ್ಲಿ ಬಹಳಷ್ಟಕ್ಕೆ ಎರಡು ತಲೆಮಾರು ಹಿಂದೆ ಒಂದು ಮನೆ, ಒಂದು ಅಂಗಳ, ಒಂದು ಹೆಸರು ಇತ್ತು. ಇನ್ನು ಕೆಲವಕ್ಕೆ ಈಗಲೂ ಅರ್ಧ ಮನೆ ಇದೆ. ಬೆಳಿಗ್ಗೆ ಒಬ್ಬರು ದೋಸೆ ಹಾಕುತ್ತಾರೆ, ರಾತ್ರಿ ಇನ್ನೊಬ್ಬರು ಮೀನಿನ ಸಾರಿನ ಅನ್ನ ಹಾಕುತ್ತಾರೆ. ಅದು ಹಾಲಿನ ಡೈರಿಗೆ ಹೋಗುವವರನ್ನು ಅಟ್ಟಿಸಿಕೊಂಡು ಹೋದ ದಿನ ಮಾತ್ರ ಇಬ್ಬರೂ "ನಮ್ಮದಲ್ಲ" ಎನ್ನುತ್ತಾರೆ. ಅನ್ನ ಹಾಕುವುದು ದಯೆ, ಸಂಶಯವಿಲ್ಲ. ಆದರೆ ಲಸಿಕೆ ಹಾಕಿಸದ, ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸದ ದಯೆ ಅರ್ಧಕ್ಕೇ ನಿಂತುಬಿಡುತ್ತದೆ. ಉಳಿದರ್ಧವನ್ನು ಊರು ಹೊರಬೇಕಾಗುತ್ತದೆ.

ದನದ ವಿಷಯಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಅಲ್ಲಿ ಹೆಣ್ಣುಕರು ಹುಟ್ಟಿದರೆ ಸಂತೋಷ, ಗಂಡಾದರೆ ಮನೆಯವರ ಮುಖ ಸಣ್ಣದು. ಉಳುಮೆಗೆ ಟಿಲ್ಲರ್ ಬಂತು, ಗದ್ದೆಗಳು ಅಡಿಕೆ ತೋಟಗಳಾದವು, ಹೋರಿಯ ಕೆಲಸವನ್ನು ಕೃತಕ ಗರ್ಭಧಾರಣೆ ವಹಿಸಿಕೊಂಡಿತು. ಹಾಲಿಗೆ ಬರುವುದಷ್ಟೇ ಹಟ್ಟಿಯಲ್ಲಿ ಉಳಿಯುವ ಕಾಲ ಇದು. ಹಿಂದೆ ಸುಗ್ಗಿ ಕೊಯ್ಲಾದ ಮೇಲೆ ದನಗಳನ್ನು ಗದ್ದೆಗೂ ಗುಡ್ಡೆಗೂ ಬಿಡುವ ಕ್ರಮವಿತ್ತು. ಮೇಯಲು ಜಮೀನಿಗೆ ತಾಗಿದ ಕುಮ್ಕಿ ಜಾಗವಿತ್ತು, ಸಂಜೆಗೆ ಕರೆತರಲು ಮನೆಯಲ್ಲಿ ಮಕ್ಕಳಿದ್ದರು. ಈಗ ಗುಡ್ಡೆಯೂ ರಬ್ಬರಾಗಿದೆ, ಮಕ್ಕಳು ಶಾಲಾ ವಾಹನದಲ್ಲಿದ್ದಾರೆ. ಬಿಡುವ ಅಭ್ಯಾಸ ಮಾತ್ರ ಉಳಿದುಕೊಂಡು, ಬಿಟ್ಟ ದನ ರಾತ್ರಿ ಡಾಮರಿನ ಬಿಸಿಗೆ ರಸ್ತೆಯ ಮಧ್ಯೆ ಮಲಗುತ್ತದೆ. ನಾಯಿಯಲ್ಲಿ ಹೆಣ್ಣು ಬೇಡ, ದನದಲ್ಲಿ ಗಂಡು ಬೇಡ. ಯಾವುದು ಹುಟ್ಟಬೇಕೆಂದು ಮೊದಲೇ ಯೋಚಿಸದೆ, ಹುಟ್ಟಿದ ಮೇಲೆ ಬೇಡವೆನ್ನುವ ಅಭ್ಯಾಸ ನಮಗೆ ಅಂಟಿಕೊಂಡಿದೆ.

ಸಾಕುವುದು ಹೇಗೆಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡಂಗೆಯಲ್ಲಿ, ಹೊಕ್ಕಾಡಿಗೋಳಿಯಲ್ಲಿ ಕಂಬಳ ನೋಡಿದವರಿಗೆ ಇದು ಗೊತ್ತು. ಅಲ್ಲಿ ಓಡುವ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುತ್ತಾರೆ, ಮೈಗೆ ಎಣ್ಣೆ ತಿಕ್ಕುತ್ತಾರೆ, ಕೆರೆಯಲ್ಲಿ ಈಜಿಸುತ್ತಾರೆ, ಸೆಕೆಗೆ ಹಟ್ಟಿಯಲ್ಲಿ ಫ್ಯಾನು ಹಾಕುತ್ತಾರೆ. ಮೇವು ಬಿಟ್ಟರೆ ಒಂದು ಹೊತ್ತಿನೊಳಗೆ ಯಜಮಾನನಿಗೆ ತಿಳಿಯುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳಕ್ಕೆ ಅಡ್ಡಿಯಾಗಿ, ರಾಜ್ಯ ಕಾನೂನಿಗೆ ತಿದ್ದುಪಡಿ ತಂದು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯುವವರೆಗೆ ಕರಾವಳಿಯವರು ವಾದಿಸಿದ್ದು ಒಂದೇ ಮಾತು: "ನಾವು ಇವನ್ನು ಮನೆಮಕ್ಕಳಂತೆ ಸಾಕುತ್ತೇವೆ." ಆ ಮಾತಿಗೆ ಬೆಲೆ ಬರುವುದು, ಅದು ಗೆಲ್ಲುವ ಕೋಣಕ್ಕೆ ಮಾತ್ರವಲ್ಲದೆ ಗೇಟಿನ ಬಳಿಯ ನಾಯಿಗೂ ಅನ್ವಯಿಸಿದಾಗ.

ಮೂಡುಬಿದಿರೆಯ ಬಸದಿಗಳ ನೆರಳಿನಲ್ಲಿ ಬದುಕುವವರಿಗೆ ಅಹಿಂಸೆ ಹೊಸ ಮಾತಲ್ಲ. ಆದರೆ ಜೈನಧರ್ಮ ಗೃಹಸ್ಥನಿಗೆ ಹೇಳಿದ ಅಹಿಂಸೆ ಎಷ್ಟು ಹಟ್ಟಿಯ ಮಟ್ಟದ್ದು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತಕ್ಕೆ ಕುಂದು ತರುವ ತಪ್ಪುಗಳನ್ನು, ಎಣಿಸಿದೆ. ಕಟ್ಟಿಹಾಕುವುದು ಒಂದು, ಹೊಡೆಯುವುದು ಇನ್ನೊಂದು. ಅಂಗ ಕತ್ತರಿಸುವುದು, ಹೊರಲಾರದ ಭಾರ ಹೊರಿಸುವುದು, ಅನ್ನ ನೀರು ತಡೆಯುವುದು ಉಳಿದ ಮೂರು. ಕೊಲ್ಲುವ ಮಾತೇ ಇಲ್ಲಿಲ್ಲ. ಕೊಲ್ಲಬಾರದೆಂದು ಗೊತ್ತಿರುವ ಒಳ್ಳೆಯವನೂ ದಿನನಿತ್ಯ ಎಲ್ಲಿ ಜಾರುತ್ತಾನೆಂದು ಬಲ್ಲವರು ಮಾಡಿದ ಪಟ್ಟಿ ಇದು. ಎರಡು ಮೊಳದ ಸಂಕಲೆಯಲ್ಲಿ ವರ್ಷವಿಡೀ ನಿಂತ ನಾಯಿ ಈ ಪಟ್ಟಿಯ ಮೊದಲ ಸಾಲಿನಲ್ಲೇ ಇದೆ. ತಂದುಬಿಟ್ಟ ಮರಿಗೆ ಬೇರೆ ಸಾಲಿಲ್ಲ, ಅಗತ್ಯವೂ ಇಲ್ಲ. ಮನೆಯ ಅನ್ನಕ್ಕೆ ಒಗ್ಗಿದ ಜೀವವನ್ನು ದಾರಿಯಲ್ಲಿ ಇಳಿಸುವುದೆಂದರೆ ಅದರ ಅನ್ನ ನೀರನ್ನು ಒಂದೇ ಸಲಕ್ಕೆ, ಶಾಶ್ವತವಾಗಿ ತಡೆದಂತೆಯೇ ಅಲ್ಲವೇ?

ನಮ್ಮ ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಎತ್ತಿದ ದನಿಯಿಂದ ರೂಪುಗೊಂಡ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನಿನಂತೆ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದಿರುವುದೂ ಅಪರಾಧ. ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅಷ್ಟು ಹಣಕ್ಕೆ ಯಾರೂ ಹೆದರುವುದಿಲ್ಲ, ಸರಿಯೇ. ಸಾಕಿದವರ ಅಜಾಗ್ರತೆಯಿಂದ ಪ್ರಾಣಿಯು ಮನುಷ್ಯರ ಜೀವಕ್ಕೆ ಅಪಾಯ ತರುವಂತಾದರೆ ಮಾತು ಬೇರೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನಿನಲ್ಲಿ ಆರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ಇನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಯ ಹೊಣೆಯನ್ನು ಸ್ಥಳೀಯಾಡಳಿತಕ್ಕೆ, ಸಾಕುನಾಯಿಯ ಹೊಣೆಯನ್ನು ಸಾಕಿದವರಿಗೆ ಹಂಚಿವೆ. ಬೀದಿಗೆ ಬಂದ ನಾಯಿಯ ಬಗ್ಗೆ ಪಂಚಾಯತಿನಿಂದ ಸುಪ್ರೀಂ ಕೋರ್ಟಿನವರೆಗೆ ಚರ್ಚೆ ನಡೆಯುತ್ತಿದೆ, ನಡೆಯಲಿ. ಅದು ಬೀದಿಗೆ ಬರುವ ಮೊದಲಿನ ಎರಡು ತಿಂಗಳು ಪೂರಾ ನಮ್ಮ ಕೈಯಲ್ಲಿರುತ್ತದೆ.

ಈ ಹೊಣೆಯ ಹಿಂದೆ ಜೀವಭಯದ ಕಾರಣವೂ ಇದೆ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ನಾಯಿ ಕಡಿತದಿಂದ ಬಂದದ್ದು. ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ. ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ, ಲಸಿಕೆ ಸಿಕ್ಕಿದರೆ ಸಾವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತಪ್ಪಿಸಬಹುದು. ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಶಿನ, ಮೆಣಸಿನ ಪುಡಿ ಹಚ್ಚಬಾರದು. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಎಂದೋ ಹೋಯಿತು, ಈಗ ತೋಳಿಗೆ ನಾಲ್ಕೈದು ಸಲವಷ್ಟೇ. ದನ ಸಾಕುವವರು ಇನ್ನೊಂದು ಮಾತು ನೆನಪಿಡಬೇಕು. ಹುಚ್ಚುನಾಯಿ ಕಚ್ಚಿದ ದನ ಜೊಲ್ಲು ಸುರಿಸುತ್ತಾ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒದ್ದಾಡುವುದುಂಟು. ಅಡಿಕೆಯೋ ಹಲಸಿನ ತುಂಡೋ ಇರಬೇಕೆಂದು ಬಾಯೊಳಗೆ ಕೈ ಹಾಕಿದರೆ ಅಪಾಯ. 1962ಕ್ಕೆ ಕರೆ ಮಾಡಿದರೆ ಪಶುವೈದ್ಯಕೀಯ ಸಂಚಾರಿ ವಾಹನ ಮನೆಬಾಗಿಲಿಗೇ ಬರುವ ವ್ಯವಸ್ಥೆಯಿದೆ. ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆಂದು ತಜ್ಞರು ಹೇಳುತ್ತಾರೆ. ನಮ್ಮ ನೆರೆಯ ಗೋವಾ ಈ ದಾರಿಯಲ್ಲಿ ನಡೆದು, ಮೂರು ವರ್ಷ ಮನುಷ್ಯರಲ್ಲಿ ಒಂದೂ ಪ್ರಕರಣ ವರದಿಯಾಗದ ಸ್ಥಿತಿಗೆ 2021ರಲ್ಲಿ ತಲುಪಿತು.

ಕಾಡಂಚಿನ ನಮಗೆ ಚಿರತೆಯ ಲೆಕ್ಕವೂ ಉಂಟು. ಮಹಾರಾಷ್ಟ್ರದ ಅಕೋಲೆಯಲ್ಲಿ ನಡೆದ ಅಧ್ಯಯನದಲ್ಲಿ ಚಿರತೆಯ ಆಹಾರದ ಶೇಕಡಾ 39ರಷ್ಟು ನಾಯಿಯೇ ಆಗಿತ್ತು. ಎಂದರೆ ಒಡೆಯನಿಲ್ಲದ ನಾಯಿ ಹೆಚ್ಚಿದಷ್ಟೂ ಚಿರತೆಗೆ ಊರು ಹತ್ತಿರವಾಗುತ್ತದೆ. ಮೂಡುಬಿದಿರೆ ಸಮೀಪದ ನಿಡ್ಡೋಡಿಯಲ್ಲಿ 2023ರ ಫೆಬ್ರವರಿಯಲ್ಲಿ ಚಿರತೆಯೊಂದು ಬಾವಿಗೆ ಬಿದ್ದಾಗ ಪಶುವೈದ್ಯೆಯೊಬ್ಬರು ಬೋನಿನೊಳಗೆ ಕುಳಿತು ಬಾವಿಗಿಳಿದು ಅದಕ್ಕೆ ಅರಿವಳಿಕೆ ಕೊಟ್ಟರು. ಆ ಧೈರ್ಯವನ್ನು ನಾವೆಲ್ಲ ಮೆಚ್ಚಿದೆವು. ಅಂಥ ಧೈರ್ಯದ ಅಗತ್ಯವೇ ಬಾರದಂತೆ ರಾತ್ರಿ ನಾಯಿಯನ್ನು ಗೂಡಿಗೆ ಹಾಕುವುದು, ಬಾವಿಗೆ ಕಟ್ಟೆ ಕಟ್ಟಿಸುವುದು, ಕೋಳಿಯ ಕಸವನ್ನೂ ಮದುವೆ ಊಟದ ಎಲೆಗಳನ್ನೂ ರಸ್ತೆಬದಿಗೆ ಸುರಿಯದಿರುವುದು ನಮ್ಮಂಥವರಿಗೆ ಎಟಕುವ ಕೆಲಸ.

"ಮರಿಯಾಗದಂತೆ ನಾಯಿಗೆ ಆಪರೇಷನ್ ಮಾಡಿಸುವುದು ಪಾಪವಲ್ಲವೇ?" ಎಂದು ಹಿರಿಯರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಹೆಣ್ಣುನಾಯಿಯ ಬಸಿರು ಸುಮಾರು 63 ದಿನ. ಒಂದು ಸೂಲಿನಲ್ಲಿ ನಾಲ್ಕೋ ಆರೋ ಮರಿ. ಅವುಗಳಲ್ಲಿ ಹಸಿವಿಗೆ, ಹುಳಕ್ಕೆ, ಲಾರಿಯ ಚಕ್ರಕ್ಕೆ ಹೋಗದೆ ಉಳಿಯುವುದು ಎಷ್ಟೆಂದು ರಸ್ತೆಬದಿಯ ಮನೆಯವರೆಲ್ಲ ಬಲ್ಲರು. ಅರಿವಳಿಕೆಯಲ್ಲಿ ಒಮ್ಮೆ ಆಗುವ ಶಸ್ತ್ರಕ್ರಿಯೆ, ನಾಲ್ಕು ದಿನದ ಆರೈಕೆ ಒಂದು ಕಡೆ. ಪ್ರತಿ ಸೂಲಿಗೂ ಒಂದು ಗೋಣಿಚೀಲ ಇನ್ನೊಂದು ಕಡೆ. ಹಿಂಸೆ ಹುಟ್ಟುವುದು ಮೈಮರೆವಿನಿಂದ ಎಂದು ಆ ತತ್ತ್ವಾರ್ಥಸೂತ್ರವೇ ಹೇಳುತ್ತದೆ. ಯೋಚಿಸಿ ಮಾಡಿಸಿದ ಶಸ್ತ್ರಕ್ರಿಯೆಗಿಂತ ಯೋಚಿಸದೆ ಬಿಟ್ಟ ಮರಿಯಲ್ಲೇ ಪಾಪದ ಪಾಲು ಹೆಚ್ಚು.

ನಮ್ಮ ಹಸುಗಳ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆಯಿದೆ. ಕಾಲುಬಾಯಿ ರೋಗದ ಲಸಿಕೆ ಹಾಕಲು ಆರು ತಿಂಗಳಿಗೊಮ್ಮೆ ಹಟ್ಟಿಗೇ ಬರುತ್ತಾರೆ. ಹಾಲಿನ ಸೊಸೈಟಿಯಲ್ಲಿ ಯಾವ ಮನೆಯಲ್ಲಿ ಎಷ್ಟು ಹಸುವಿದೆಯೆಂಬುದು ಎಲ್ಲರಿಗೂ ಗೊತ್ತು. ನಾಯಿ ಬೆಕ್ಕುಗಳಿಗೂ ಅಂಥದೇ ಒಂದು ಪುಸ್ತಕವನ್ನು ಊರೇ ಇಡಬಹುದು. ಪಂಚಾಯತು, ಪಶು ಆಸ್ಪತ್ರೆ, ಸೊಸೈಟಿ ಸೇರಿ ವರ್ಷಕ್ಕೊಂದು ದಿನ ಲಸಿಕೆಗೆಂದು ಗೊತ್ತುಮಾಡಿದರೆ ಹಾಲು ತರುವವರು ನಾಯಿಯನ್ನೂ ಕರೆತಂದಾರು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಬೇಕಾದರೆ ಅದೇ ಆಗಲಿ. ಮನೆಯ ಮಟ್ಟಿಗೆ ಮಾಡಬೇಕಾದ್ದು ಇಷ್ಟೇ: ಮರಿಗೆ ಮೂರು ತಿಂಗಳಾಗುವಾಗ ಮೊದಲ ಲಸಿಕೆ, ವೈದ್ಯರು ಹೇಳಿದಂತೆ ಮರುಲಸಿಕೆ, ಆಮೇಲೆ ವರ್ಷಕ್ಕೊಂದು, ಮರಿ ಬೇಡವಾದರೆ ಶಸ್ತ್ರಕ್ರಿಯೆ, ಗೇಟಿಗೆ ಚಿಲಕ. ಇಷ್ಟು ಮಾಡಲು ಸಾಧ್ಯವಿಲ್ಲವೆಂದು ಕಂಡರೆ ಸಾಕದಿರುವುದೂ ಒಂದು ದಯೆಯೇ. ಸಾಧ್ಯವೆಂದು ಕಂಡವರು ಮುಂದಿನ ಸಲ ಒಂದು ಹೆಣ್ಣುಮರಿಯನ್ನೇ ಕೇಳಿ ತನ್ನಿ, ಮನೆಗೆ ತಂದ ವರ್ಷವೇ ಅದಕ್ಕೆ ಶಸ್ತ್ರಕ್ರಿಯೆ ಮಾಡಿಸಿ. ಮನೆ ಕಾಯುವ ಕೆಲಸದಲ್ಲಿ ಅದು ಗಂಡಿಗಿಂತ ಒಂದಿಷ್ಟೂ ಕಡಿಮೆಯಲ್ಲ.