ಎಷ್ಟು ತಿದ್ದಬಹುದು?

ಮುಖ ಬರೆಯುವವನಿಗೆ ಮೂಗಿಗಿಂತ ಗಿರಾಕಿಯೇ ಕಷ್ಟ. ಕ್ವಾಲಾಲಂಪುರದ ಸೆಂಟ್ರಲ್ ಮಾರ್ಕೆಟ್ಟಿನಲ್ಲಿ ಕಲಿಯಲು ಕೂತವರಿಗೆ ಇದು ಬೇಗ ತಿಳಿಯುತ್ತದೆ. 1888ರಲ್ಲಿ ಮೀನು, ಮಾಂಸ, ತರಕಾರಿಯ ಮಾರುಕಟ್ಟೆಯಾಗಿ ಶುರುವಾದ ಜಾಗ ಅದು. ಈಗಿನ ಕಟ್ಟಡ 1937ರದ್ದು. ಎಂಬತ್ತರ ದಶಕದಲ್ಲಿ ಕೆಡವಲು ಹೊರಟಾಗ ಹಳೆಯ ಕಟ್ಟಡಗಳ ಮೇಲೆ ಪ್ರೀತಿಯಿದ್ದವರು ಅಡ್ಡ ನಿಂತರು. ಮೀನಿನವರು ಹೋದರು, ಬಾಟಿಕ್ ಬಟ್ಟೆಯವರು, ಕುಶಲಕರ್ಮಿಗಳು, ಚಿತ್ರಕಾರರು ಬಂದರು.

ಅಲ್ಲಿನ ಒಂದು ಅಂಗಡಿಯಲ್ಲಿ ರಜೆಯ ದಿನ ಕಲಿಯುತ್ತಿದ್ದೆ. ಗುರುಗಳು ಚೀನೀ ಮೂಲದ ಹಿರಿಯರು, ಮಾರುಕಟ್ಟೆಗೆಲ್ಲ ಅಂಕಲ್. ಕಣ್ಣು ಇರುವುದು ತಲೆಯ ನಡುಮಧ್ಯದಲ್ಲಿ. ಹಣೆಯಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಹೊಸಬರು ಅದನ್ನು ಕುಗ್ಗಿಸಿಬಿಡುತ್ತಾರೆ. ರೆಪ್ಪೆಯ ನೆರಳು ಬೀಳುವುದರಿಂದ ಕಣ್ಣಿನ ಬಿಳಿ ಬಿಳಿಯಲ್ಲ. ಹಲ್ಲನ್ನು ಒಂದೊಂದಾಗಿ ಬರೆದರೆ ನಗುಮುಖವೂ ಹೆದರಿಸುತ್ತದೆ. ಇದ್ದಿಲ ಪುಡಿಯನ್ನು ಬ್ರಷ್ಷಿನಲ್ಲಿ ಸವರಿ, ರಬ್ಬರಿನಿಂದ ಬೆಳಕನ್ನು ಎತ್ತಬೇಕು. ಇಷ್ಟನ್ನು ಕೈ ಕಲಿಯುತ್ತದೆ. ಬೆನ್ನ ಹಿಂದೆ ನಿಂತು ‘ಕಿವಿ ದೊಡ್ಡದಾಯಿತು’ ಎನ್ನುವ ಪ್ರವಾಸಿಗಳಿಗೂ ಒಗ್ಗಿಕೊಳ್ಳಬಹುದು.

ಒಗ್ಗದ್ದು ಬೇರೆ. ಹೊರಗೆ ನೇತುಹಾಕಿದ್ದು ಸಿನಿಮಾ ನಟರ ಮುಖಗಳಾದರೂ ಒಳಗೆ ಬರುತ್ತಿದ್ದದ್ದು ಹೆಚ್ಚಾಗಿ ತೀರಿಕೊಂಡವರ ಫೋಟೊ. ಪರ್ಸಿನಲ್ಲಿ ಸವೆದ ಪಾಸ್‌ಪೋರ್ಟ್ ಸೈಜಿನ ಅಮ್ಮ. ಮೂಗಿಗೆ ನಳಿಕೆ ಹಾಕಿದ ಆಸ್ಪತ್ರೆಯ ಅಪ್ಪ. ಜೊತೆಯಾಗಿ ಎಂದೂ ಫೋಟೊ ತೆಗೆಸಿಕೊಳ್ಳದ ಗಂಡ ಹೆಂಡತಿಯನ್ನು ಒಂದೇ ಹಾಳೆಯಲ್ಲಿ ಕೂರಿಸಬೇಕು. ಸ್ವಲ್ಪ ನಗಿಸಿ, ಕೊರಳಿಗೊಂದು ಸರ ಇರಲಿ. ಅಂಕಲ್ ನಳಿಕೆಯನ್ನು ಯಾರೂ ಹೇಳದೆಯೇ ತೆಗೆಯುತ್ತಿದ್ದರು. ಸರ, ಕೋಟು, ಕೂದಲು ಗಿರಾಕಿಯ ಇಷ್ಟ. ಕಣ್ಣಿಂದ ಕಣ್ಣಿಗಿರುವ ಅಂತರ, ಮೂಗು, ದವಡೆ ಇವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ದವಡೆ ಸಣ್ಣ ಮಾಡಿ ಎಂದ ಹುಡುಗಿಗೆ, ‘ಅದು ಬೇರೆಯವಳ ಚಿತ್ರವಾಗುತ್ತದೆ, ಅವಳನ್ನೇ ಕರೆದುಕೊಂಡು ಬಾ’ ಅಂದಿದ್ದರು.

ಗಿರಾಕಿ ದೊಡ್ಡವನಾದರೆ ಚಿತ್ರ ಉಳಿಯುವುದೇ ಅನುಮಾನ. 1954ರಲ್ಲಿ ಚರ್ಚಿಲ್‌ಗೆ ಎಂಬತ್ತು ತುಂಬಿದಾಗ ಬ್ರಿಟಿಷ್ ಸಂಸತ್ತು ಗ್ರಹಾಂ ಸದರ್ಲೆಂಡ್ ಬರೆದ ಭಾವಚಿತ್ರವನ್ನು ಉಡುಗೊರೆ ಕೊಟ್ಟಿತು. ಕಂಡದ್ದನ್ನು ಕಂಡಂತೆ ಬರೆದಿದ್ದ. ಚರ್ಚಿಲ್‌ಗೆ ಅದು ಸೇರಲಿಲ್ಲ. ಅವರ ಹೆಂಡತಿ ಅದನ್ನು ಸುಡಿಸಿಬಿಟ್ಟರು. ಕಲಾವಿದನ ಪರವಾಗಿ ಮಾತಾಡುವುದು ನಮಗೆ ಸುಲಭ. ಅದನ್ನು ಗೋಡೆಗೆ ಹಾಕಿಕೊಂಡು ದಿನಾ ಊಟ ಮಾಡಬೇಕಾದವರು ನಾವಲ್ಲವಲ್ಲ.

ಬದುಕಿರುವವರನ್ನು ಅಂದಗೊಳಿಸಿದರೆ ಅಂಥ ಅನಾಹುತವೇನಿಲ್ಲ ಎಂದು ಈಗ ಅನ್ನಿಸುತ್ತದೆ. ಅವರ ಸುಳ್ಳನ್ನು ಕನ್ನಡಿ ದಿನಾ ತಿದ್ದುತ್ತದೆ. ಈ ವಿಷಯದಲ್ಲಿ ಅಂಕಲ್ ಬಿಗಿಯಾಗಿದ್ದರೇನೋ. ಸತ್ತವರ ಚಿತ್ರವನ್ನು ತಿದ್ದಲು ಯಾರೂ ಉಳಿದಿರುವುದಿಲ್ಲ. ಒಂದು ತಲೆಮಾರು ಕಳೆದರೆ ಚಿತ್ರವೇ ಮುಖವಾಗುತ್ತದೆ. ಮೊಮ್ಮಕ್ಕಳು ಇದ್ದಿಲು ಹೇಳಿದ್ದನ್ನೇ ಅಜ್ಜಿ ಎಂದು ನಂಬುತ್ತಾರೆ. ಆದರೂ ನಮ್ಮ ಕೈ ಸಡಿಲವಾಗುವುದು ಅಲ್ಲೇ. ದುಃಖದಲ್ಲಿ ಬಂದವರೊಂದಿಗೆ ಮೂಗಿನ ಅಳತೆಗಾಗಿ ಜಗಳವಾಡುವುದು ಹೇಗೆ?

ಒಮ್ಮೆ ತಮಿಳು ಮನೆತನದ ಅಣ್ಣ ತಂಗಿ ಅಮ್ಮನ ಚಿತ್ರ ಒಯ್ಯಲು ಬಂದಿದ್ದರು. ಎಲ್ಲ ಸರಿ, ಮಚ್ಚೆ ಇಲ್ಲ ಎಂದಳು ತಂಗಿ. ಮಾಸಿದ ಫೋಟೊದಲ್ಲಿ ಅದು ಕಾಣುತ್ತಿರಲಿಲ್ಲ. ಬಲಗೆನ್ನೆಗೆ ಎಂದು ಅವಳು, ಎಡಗೆನ್ನೆಗೆ ಎಂದು ಅವನು. ವಾದ ಬೆಳೆದು ಪಿನಾಂಗಿನಲ್ಲಿದ್ದ ಚಿತ್ತಿಗೆ, ಅಂದರೆ ಚಿಕ್ಕಮ್ಮನಿಗೆ, ಫೋನು ಹೋಯಿತು. ಎಡಗೆನ್ನೆಯಂತೆ. ಅದೂ ಮಚ್ಚೆಯಲ್ಲ, ವಡೆ ಕರಿಯುವಾಗ ಎಣ್ಣೆ ಸಿಡಿದ ಕಲೆಯಂತೆ. ಕಲೆಯಾದರೆ ಬೇಡ, ಚೆನ್ನಾಗಿರುವುದಿಲ್ಲ ಅಂದ ಅಣ್ಣ. ತಂಗಿ ಪರ್ಸು ತೆರೆದು ತಾನೇ ದುಡ್ಡು ಎಣಿಸತೊಡಗಿದಳು. ಅಂಕಲ್ ಫೋನನ್ನು ಕೈಗೆ ತೆಗೆದುಕೊಂಡು, ಕಲೆ ಎಷ್ಟು ದೊಡ್ಡದಿತ್ತು ಎಂದು ಚಿತ್ತಿಯನ್ನು ಕೇಳಿದರು.