ವಿನಂತಿ ಮತ್ತು ನಿಷೇಧ

ಆಸ್ಟ್ರೇಲಿಯಾ ಖಂಡದ ನಡುಭಾಗದ ಕೆಂಪು ಮರಳಿನ ಬಯಲಿನಲ್ಲಿ ಉಲೂರು ಎಂಬ ಮಹಾಶಿಲೆಯಿದೆ. ಎತ್ತರ 348 ಮೀಟರ್. ಒಮ್ಮೆ ಅಡ್ಡವಾಗಿ ಹಾಸಿದ್ದ ಮರಳುಗಲ್ಲಿನ ಪದರಗಳು ಭೂಚಲನೆಯಿಂದ ಹೊರಳಿ ಬಹುಮಟ್ಟಿಗೆ ನೆಟ್ಟಗೆ ನಿಂತಿವೆ. ಕಲ್ಲಿನ ಒಳಮೈ ಬೂದುಬಣ್ಣದ್ದು. ಅದರಲ್ಲಿನ ಕಬ್ಬಿಣವು ತುಕ್ಕು ಹಿಡಿದುದರಿಂದ ಹೊರಮೈ ಕೆಂಪಾಗಿದೆ. ಪಶ್ಚಿಮಕ್ಕೆ ಕಾಟ ಜೂಟ ಎಂಬ 36 ಗುಮ್ಮಟಬಂಡೆಗಳ ಸಮೂಹ. ಈ ನೆಲ ಆನಂಗು ಎಂಬ ಮೂಲನಿವಾಸಿಗಳದು.

1985ರ ಅಕ್ಟೋಬರ್ 26ರಂದು ಸರ್ಕಾರವು ಈ ನೆಲದ ಒಡೆತನವನ್ನು ಆನಂಗು ಜನರಿಗೆ ಮರಳಿಸಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕಾಗಿ 99 ವರ್ಷಗಳ ಗುತ್ತಿಗೆಗೆ ಸರ್ಕಾರಕ್ಕೇ ಕೊಟ್ಟರು. 1964ರಲ್ಲಿ ಸರಪಳಿ ನೆಟ್ಟು ರೂಪಿಸಿದ್ದ ಏರುದಾರಿ ಮಾತ್ರ ತೆರೆದೇ ಉಳಿಯಿತು. ಅದು ಅವರ ಪೂರ್ವಜರಾದ ಮಾಲ ಪುರುಷರು ನಡೆದ ಪವಿತ್ರ ಪಥ. ದಯವಿಟ್ಟು ಏರಬೇಡಿರೆಂದು ಅವರು ಬಂದವರನ್ನು ಬೇಡಿಕೊಂಡರು. ಕಾನೂನು ತಡೆಯಲಿಲ್ಲ.

ಅನುಮತಿಯಿದ್ದುದೆಲ್ಲವೂ ಯೋಗ್ಯವೇ? ಶಿಲೆಯು ಎಲ್ಲ ಜನಾಂಗಗಳಿಗಿಂತ ಹಳೆಯದು, ಪ್ರಕೃತಿ ಯಾರ ಸ್ವತ್ತೂ ಅಲ್ಲ ಎಂಬುದು ಏರುವವರ ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಇಲ್ಲಿನ ಪ್ರಶ್ನೆ ಅತಿಥಿ ಮತ್ತು ಮನೆಯವರ ನಡುವಿನದು. ದೇವರ ಕೋಣೆಗೆ ಬೀಗವಿಲ್ಲವೆಂಬ ಮಾತ್ರಕ್ಕೆ ಪಾದರಕ್ಷೆ ತೊಟ್ಟು ಒಳನಡೆಯುವವರುಂಟೇ? ಏರುವಾಗ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ತಮ್ಮ ನೆಲದಲ್ಲಿ ಅತಿಥಿಗೆ ಒದಗಿದ ಸಾವಿನ ಹೊಣೆಯನ್ನು ಆನಂಗು ಜನ ತಮ್ಮದೇ ಎಂದು ಭಾವಿಸಿ ದುಃಖಿಸುತ್ತಾರೆ. ಏರಿದವರಿಗೆ ಇದು ತಿಳಿಯದ ಸಂಗತಿಯೇನಲ್ಲ. ಏರುದಾರಿಯ ಬುಡದ ಫಲಕದಲ್ಲಿಯೇ ವಿನಂತಿಯಿತ್ತು.

1990ರ ದಶಕದಲ್ಲಿ ನೂರರಲ್ಲಿ ಸುಮಾರು 74 ಮಂದಿ ಏರುತ್ತಿದ್ದರು. 2015ರ ವೇಳೆಗೆ ಏರುವವರು ಸುಮಾರು 16. ದಂಡದ ಭಯವಿಲ್ಲದೆ, ಬರಿಯ ಕೋರಿಕೆಗೆ ಮಣಿದು ಇಷ್ಟು ಜನ ಹಿಂಜರಿದುದು ಸಣ್ಣ ಮಾತಲ್ಲ. 2017ರ ನವೆಂಬರಿನಲ್ಲಿ ಉದ್ಯಾನದ ಆಡಳಿತ ಮಂಡಳಿಯು ದಾರಿಯನ್ನು ಮುಚ್ಚಲು ನಿರ್ಣಯಿಸಿತು. 2019ರ ಅಕ್ಟೋಬರ್ 26ರಂದು ಅದು ಜಾರಿಗೆ ಬಂದಿತು. ಅದಕ್ಕೆ ಮುನ್ನಿನ ದಿನಗಳಲ್ಲಿ ಕಡೆಯ ಅವಕಾಶವೆಂದು ಮುಗಿಬಿದ್ದವರ ಸಾಲು ಶಿಲೆಯ ಮೇಲೆ ಇರುವೆಸಾಲಿನಂತೆ ಕಂಡಿತು.

ನಿಷೇಧ ಬಂದ ಮೇಲೆ ಸಂಯಮಿ ಯಾರು, ಕಟ್ಟಿಗೆ ಒಳಗಾದವನು ಯಾರು ಎಂಬುದನ್ನು ತಿಳಿಯುವ ಬಗೆಯಿಲ್ಲ. ಹಾಗೆಂದು ನಿಷೇಧವನ್ನು ಹಳಿಯಲಾಗದು. ಅತಿಥಿಗೆ ಸಂಯಮದ ಪಾಠವಾಗಲಿ ಎಂದು ಮನೆಯವರು ಎಷ್ಟು ಕಾಲ ನೋಯಬೇಕು? 34 ವರ್ಷ ಅವರು ಕಾದರು.

ಸರಪಳಿಯನ್ನು ಈಗ ಕಿತ್ತಿದ್ದಾರೆ. ಮಾರ್ಗದರ್ಶಕರು ಪ್ರವಾಸಿಗಳನ್ನು ಬುಡದ ಗವಿಗಳ ಬಳಿ ಕರೆದೊಯ್ಯುತ್ತಾರೆ. ಅಲ್ಲಲ್ಲಿ ಛಾಯಾಚಿತ್ರ ತೆಗೆಯಬಾರದೆಂದು ಕೋರುವ ಫಲಕಗಳಿವೆ. ಪೂರ್ವಜರ ಕಥೆಯಲ್ಲಿ ತಮ್ಮ ಮಕ್ಕಳಿಗೆ ಹೇಳುವಷ್ಟನ್ನು ಹೊರಗಿನವರಿಗೂ ಹೇಳುತ್ತಾರೆ, ಉಳಿದುದನ್ನು ಹೇಳುವುದಿಲ್ಲ.